ದಿನವೂ ಖಾಲಿಯಾಗುವ ಟ್ಯಾಂಕಿಗೆ ಹೊಂಗೆ ಡೀಸೆಲ್

ನಂಜನಗೂಡಿನಿಂದ ಚಾಮರಾಜನಗರದ ಕಡೆಗೆ ಹೊರಟರೆ ಸಿಗುವ ಕವಲಂದೆ ಹೋಬಳಿಯ ಖುಷ್ಕಿ ಸೀಮೆಯಲ್ಲಿ ಹೊಂಗೆ ಮರಗಳಿಗೆ ಬರವಿಲ್ಲ. ಅದೇ ದಾರಿಯಲ್ಲಿ ಓಡುವ ಲಾರಿ, ಸರ್ಕಾರಿ ಬಸ್ಸು, ಶಾಲಾ ವಾಹನ, ಟ್ರ್ಯಾಕ್ಟರುಗಳಿಗೂ ಬರವಿಲ್ಲ. ಇವೆರಡನ್ನೂ ಜೋಡಿಸುವ ಮಾತು ಕರ್ನಾಟಕದಲ್ಲಿ ಕಾಲು ಶತಮಾನದಿಂದ ನಡೆದೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲೇ ಡೀಸೆಲ್ ಜನರೇಟರ್ ಓಡಿಸಿ ತೋರಿಸಿದರು. ಹಾಸನ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಜೈವಿಕ ಇಂಧನ ಪಾರ್ಕ್ ಕಟ್ಟಿತು. 2009ರಲ್ಲಿ ರಾಜ್ಯ ತನ್ನದೇ ಜೈವಿಕ ಇಂಧನ ನೀತಿ ತಂದಿತು. ಬದುಗಳಲ್ಲಿ ಸಸಿ ನೆಡಿಸುವ ಯೋಜನೆಗಳೂ ಬಂದವು. ಇಷ್ಟಾದರೂ ಬಯೋಡೀಸೆಲ್ ಎಂದರೆ ಚಾಲಕರು ಹಿಂದೆ ಸರಿಯುತ್ತಾರೆ. ಅವರ ಹಿಂಜರಿಕೆಯನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ಆದರೆ ಅವರ ಅನುಭವವನ್ನು ಕಿವಿಗೊಟ್ಟು ಕೇಳಿದರೆ ಬೇರೆಯೇ ಪಾಠ ಸಿಗುತ್ತದೆ. ಈ ಇಂಧನ ಕೆಟ್ಟದ್ದಲ್ಲ; ನಾವು ಅದನ್ನು ತಪ್ಪು ಟ್ಯಾಂಕಿಗೆ ಸುರಿಯಲು ಹೊರಟಿದ್ದೇವೆ.

ಬಯೋಡೀಸೆಲ್ ಬಳಸಿದವರು ಎಲ್ಲ ಕಡೆಯೂ ಹೇಳುವುದು ಹೆಚ್ಚುಕಡಿಮೆ ಒಂದೇ. ಎಂಜಿನ್ ಸದ್ದು ತುಸು ಮೆತ್ತಗಾಗುತ್ತದೆ, ಕಪ್ಪು ಹೊಗೆ ಕಡಿಮೆಯಾಗುತ್ತದೆ. ಶೇ 20ರ ಬೆರಕೆಯಲ್ಲಿ ಮೈಲೇಜು ಇಳಿಯುವುದು ಶೇ 1ರಿಂದ 2ರಷ್ಟು ಮಾತ್ರ. ಗೊತ್ತೇ ಆಗುವುದಿಲ್ಲ ಎನ್ನುವವರೇ ಹೆಚ್ಚು. ತಕರಾರು ಶುರುವಾಗುವುದು ಫಿಲ್ಟರಿನಿಂದ. ಬಯೋಡೀಸೆಲ್‌ಗೆ ಕೊಳೆ ಕರಗಿಸುವ ಗುಣವಿದೆ. ವರ್ಷಗಟ್ಟಲೆ ಡೀಸೆಲ್ ಕುಡಿದ ಟ್ಯಾಂಕಿನ ತಳದಲ್ಲಿ ಅಂಟಿಕೊಂಡ ಗಸಿಯನ್ನು ಅದು ಎಬ್ಬಿಸಿ ತಂದು ಫಿಲ್ಟರಿಗೆ ತುಂಬುತ್ತದೆ. ಗಾಡಿ ಏರಿನಲ್ಲಿ ಎಳೆಯುವುದಿಲ್ಲ, ಆಮೇಲೆ ನಿಂತೇ ಬಿಡುತ್ತದೆ. ಮೊದಲ ಕೆಲವು ವಾರಗಳಲ್ಲಿ ಒಂದೆರಡು ಸಲ ಫಿಲ್ಟರ್ ಬದಲಿಸಿದರೆ ಮುಗಿಯುವ ಸಮಸ್ಯೆ ಇದು. ಆದರೆ ಹಾಗೆಂದು ಮೊದಲೇ ಹೇಳದಿದ್ದರೆ, ಸರಕು ಹೇರಿಕೊಂಡು ರಸ್ತೆ ಮಧ್ಯೆ ನಿಂತ ಚಾಲಕ ಎಣ್ಣೆಯನ್ನೇ ಬೈಯುತ್ತಾನೆ. ಹಳೆಯ ಗಾಡಿಗಳಲ್ಲಿ ರಬ್ಬರ್ ಪೈಪುಗಳೂ ವಾಷರುಗಳೂ ಉಬ್ಬಿ ಸೋರುವುದುಂಟು. ಇವೆಲ್ಲ ಮೆಕ್ಯಾನಿಕ್ ಕೈಯಲ್ಲಿ ಸರಿಹೋಗುವ ಕೆಲಸಗಳೇ, ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ.

ಇನ್ನೊಂದು ಬಗೆಯ ದೂರು ಇದಕ್ಕಿಂತ ಗಂಭೀರ: ನಾಜಲ್‌ಗೆ ಕರಿ ಕಟ್ಟಿತು, ಪಿಸ್ಟನ್ ರಿಂಗು ಹಿಡಿದುಕೊಂಡಿತು, ಎಂಜಿನ್ ಆಯಿಲ್ ಗಟ್ಟಿಯಾಯಿತು ಎನ್ನುವುದು. ಇಲ್ಲಿ ಬಹುಪಾಲು ಸಲ ಟ್ಯಾಂಕಿನಲ್ಲಿರುವುದು ಬಯೋಡೀಸೆಲ್ಲೇ ಅಲ್ಲ. ಗಾಣದಿಂದ ಬಂದ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಬಹಳ ಮಂದ. ಅದಕ್ಕೆ ಮೆಥನಾಲ್ ಮತ್ತು ಕಾಸ್ಟಿಕ್ ಸೇರಿಸಿ ಹದವಾಗಿ ಕಾಯಿಸಿ ಕಲಕಿದಾಗ ಗ್ಲಿಸರಿನ್ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಮೇಲೆ ನಿಂತ ತೆಳು ದ್ರವವನ್ನು ನೀರಿನಲ್ಲಿ ತೊಳೆದು, ತೇವ ಆರಿಸಿದ ಮೇಲಷ್ಟೇ ಅದು ಬಯೋಡೀಸೆಲ್. ಹೊಂಗೆ ಎಣ್ಣೆಯಲ್ಲಿ ಆಮ್ಲದ ಅಂಶ ಹೆಚ್ಚಿದ್ದರೆ ಇದಕ್ಕೂ ಮುಂಚೆ ಇನ್ನೊಂದು ಹಂತದ ಸಂಸ್ಕರಣೆ ಬೇಕು. ತೊಳೆಯುವುದರಲ್ಲಿ ಅವಸರ ಮಾಡಿದರೆ ಸಾಬೂನಿನ ಅಂಶವೂ ಗ್ಲಿಸರಿನ್ನೂ ಉಳಿದು ನಾಜಲ್ ಕೆಡಿಸುತ್ತವೆ. ಇದು ಸಾಲದೆಂಬಂತೆ, ಕೈಗಾರಿಕೆಯ ಅಗ್ಗದ ದ್ರಾವಕಗಳನ್ನು ಬೆರೆಸಿ ಬಯೋಡೀಸೆಲ್ ಹೆಸರಲ್ಲಿ ಮಾರುವ ದಂಧೆಯೂ ದೇಶದಲ್ಲಿದೆ. ಗುಜರಾತಿನಲ್ಲಿ ಪೊಲೀಸರು ಇಂಥ ಅಡ್ಡೆಗಳ ಮೇಲೆ ಸಾಲು ಸಾಲು ದಾಳಿ ನಡೆಸಿದ್ದರು. ಶುದ್ಧ ಬಯೋಡೀಸೆಲ್‌ಗೆ ಐಎಸ್ 15607 ಎಂಬ ಭಾರತೀಯ ಮಾನಕವಿದೆ. ಆದರೆ ಕ್ಯಾನಿನಲ್ಲಿ ಬಂದ ಎಣ್ಣೆ ಆ ಮಾನಕಕ್ಕೆ ಒಪ್ಪುತ್ತದೆಯೇ ಎಂದು ಕವಲಂದೆಯ ಟೆಂಪೊ ಚಾಲಕ ಎಲ್ಲಿ ಹೋಗಿ ಪರೀಕ್ಷಿಸಬೇಕು? ಉಳಿತಾಯವಾದರೆ ಲೀಟರಿಗೆ ನಾಲ್ಕಾರು ರೂಪಾಯಿ, ಕೈಕೊಟ್ಟರೆ ಸಾವಿರಾರು ರೂಪಾಯಿ. ಈ ಲೆಕ್ಕ ಗೊತ್ತಿದ್ದೇ ಅವನು ದೂರ ನಿಲ್ಲುತ್ತಾನೆ, ಅದು ಸರಿಯಾದ ಲೆಕ್ಕವೇ.

ಹಾಗಾದರೆ ಈ ಇಂಧನ ಯಾರ ಟ್ಯಾಂಕಿಗೆ ಸೇರಬೇಕು? ಭಾಷಣಗಳಲ್ಲಿ ಸಾಮಾನ್ಯವಾಗಿ ಬರುವ ಉತ್ತರ: ರೈತ ತನ್ನ ಬದುವಿನ ಬೀಜ ತಾನೇ ಅರೆಸಿ ತನ್ನ ಟ್ರ್ಯಾಕ್ಟರಿಗೆ ಹಾಕಿಕೊಳ್ಳಲಿ, ಊರು ಸ್ವಾವಲಂಬಿಯಾಗಲಿ. ಕೇಳಲು ಚೆಂದ. ಆದರೆ ಬಯೋಡೀಸೆಲ್ ಕೂಡಿಟ್ಟಷ್ಟೂ ಕೆಡುವ ಪದಾರ್ಥ. ಗಾಳಿ ತಾಗಿ ಅಂಟಂಟಾಗುತ್ತದೆ, ಡೀಸೆಲ್‌ಗಿಂತ ಹೆಚ್ಚು ತೇವ ಹೀರುತ್ತದೆ, ತೇವದಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಆರು ತಿಂಗಳೊಳಗೆ ಬಳಸಿ ಮುಗಿಸಬೇಕೆಂಬುದು ರೂಢಿಯ ಎಚ್ಚರಿಕೆ. ಟ್ರ್ಯಾಕ್ಟರು ಬಿತ್ತನೆ ಮುಗಿದ ಮೇಲೆ ವಾರಗಟ್ಟಲೆ ಕೊಟ್ಟಿಗೆಯ ಪಕ್ಕ ನಿಲ್ಲುತ್ತದೆ. ಜನರೇಟರ್ ಕರೆಂಟು ಹೋದಾಗ ಮಾತ್ರ ನೆನಪಾಗುತ್ತದೆ. ಈ ಎಣ್ಣೆಯ ದೋಷಗಳೆಲ್ಲ ಬಲಿಯುವುದು ಇಂಥ ಟ್ಯಾಂಕುಗಳಲ್ಲೇ. ಬಸ್ಸಿನ ಕಥೆ ಬೇರೆ. ಅದು ದಿನವೂ ಡಿಪೋಗೆ ಮರಳುತ್ತದೆ, ದಿನವೂ ಎಣ್ಣೆ ತುಂಬಿಸಿಕೊಳ್ಳುತ್ತದೆ, ಫಿಲ್ಟರ್ ಕಟ್ಟಿದರೆ ಬದಲಿಸಲು ಅಲ್ಲೇ ವರ್ಕ್‌ಶಾಪ್ ಇದೆ, ಪ್ರತಿ ಬಸ್ಸಿನ ಕೆಎಂಪಿಎಲ್ (ಲೀಟರಿಗೆ ಓಡುವ ಕಿ.ಮೀ.) ಬರೆದಿಡುವ ಪದ್ಧತಿಯೂ ಇದೆ. ಕೆಎಸ್‌ಆರ್‌ಟಿಸಿ ಹಿಂದೆ ಕೆಲವು ಡಿಪೋಗಳಲ್ಲಿ ಬಯೋಡೀಸೆಲ್ ಬೆರಕೆ ಓಡಿಸಿದೆ. ರೈಲ್ವೆ 2002ರ ಡಿಸೆಂಬರ್ 31ರಂದೇ ದೆಹಲಿ–ಅಮೃತಸರ ಶತಾಬ್ದಿಯನ್ನು ಶೇ 5ರ ಬೆರಕೆಯಲ್ಲಿ ಓಡಿಸಿತ್ತು. ಟ್ಯಾಂಕು, ಲೆಕ್ಕ, ಮೆಕ್ಯಾನಿಕ್ ಮೂರೂ ಒಂದೇ ಸೂರಿನಡಿ ಇರುವಲ್ಲಿ ಈ ಇಂಧನಕ್ಕೆ ನೆಲೆಯಿದೆ. ಆದ್ದರಿಂದ ಕವಲಂದೆಯ ರೈತ ಬೀಜ ಮಾರಲಿ, ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಗೊಬ್ಬರಕ್ಕೆ ಕೊಳ್ಳಲಿ. ಎಣ್ಣೆ ಮಾತ್ರ ನಂಜನಗೂಡು, ತಿ. ನರಸೀಪುರದ ಡಿಪೋಗಳಲ್ಲಿ, ಕೈಗಾರಿಕಾ ಪ್ರದೇಶದ ನಿತ್ಯ ಓಡುವ ಲಾರಿಗಳಲ್ಲಿ ಉರಿಯಲಿ.

ಬೆಲೆಯ ಪ್ರಶ್ನೆಯನ್ನು ಯಾರಾದರೂ ಎತ್ತಲೇಬೇಕು. ಒಂದು ಲೀಟರ್ ಎಣ್ಣೆಗೆ ಮೂರೂವರೆಯಿಂದ ನಾಲ್ಕು ಕೆ.ಜಿ. ಹೊಂಗೆ ಬೀಜ ಬೇಕು. ಬೀಜಕ್ಕೆ ಕೆ.ಜಿ.ಗೆ 30 ರೂಪಾಯಿ ಎಂದಿಟ್ಟುಕೊಂಡರೂ ಬೀಜದ ಖರ್ಚೇ 100 ರೂಪಾಯಿ ದಾಟುತ್ತದೆ. ಬಂಕಿನ ಡೀಸೆಲ್‌ಗಿಂತ ದುಬಾರಿ. ಹಿಂಡಿಗೆ ಒಳ್ಳೆಯ ಬೆಲೆ ಸಿಕ್ಕರಷ್ಟೇ ಲೆಕ್ಕ ಕೂಡುತ್ತದೆ. ಹೊಂಗೆಯೊಂದನ್ನೇ ನಂಬಿ ಬಸ್ಸು ಓಡಿಸುತ್ತೇವೆ ಎನ್ನುವುದು ಭ್ರಮೆ. ಆದರೆ ಇನ್ನೊಂದು ಮೂಲವಿದೆ: ಮೈಸೂರು, ನಂಜನಗೂಡಿನ ಹೋಟೆಲುಗಳ ಕರಿದ ಎಣ್ಣೆ. ಅದನ್ನು ಮತ್ತೆ ಮತ್ತೆ ಕಾಯಿಸಿ ಬಳಸದಂತೆ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಮಿತಿ ಹಾಕಿ, ಉಳಿಕೆಯನ್ನು ಬಯೋಡೀಸೆಲ್‌ಗೆ ಕಳಿಸುವ ರೂಕೊ ಯೋಜನೆಯನ್ನೂ ತಂದಿದೆ. ಈ ಎಣ್ಣೆ ಬೀಜಕ್ಕಿಂತ ಅಗ್ಗ. ಬೋಂಡದ ಬಾಣಲೆಗೆ ಮರಳದೆ ಡಿಪೋಗೆ ಹೋದರೆ ತಿನ್ನುವವರ ಆರೋಗ್ಯಕ್ಕೂ ಲಾಭ.

ಎರಡನೆಯ ಆಕ್ಷೇಪ ಹೊಸ ಎಂಜಿನುಗಳದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಸೂಕ್ಷ್ಮ ಇಂಜೆಕ್ಷನ್ ವ್ಯವಸ್ಥೆ ಇವೆ. ಹೆಚ್ಚಿನ ಬೆರಕೆ ಹಾಕಿದರೆ ವಾರಂಟಿ ತಪ್ಪೀತು ಎಂಬ ಭಯ ಸುಳ್ಳಲ್ಲ. ಆದರೆ ಡೀಸೆಲ್‌ನ ಮಾನಕವೇ ಶೇ 7ರವರೆಗೆ ಬಯೋಡೀಸೆಲ್‌ಗೆ ಅವಕಾಶ ಕೊಟ್ಟಿದೆ. ಹೊಸ ಗಾಡಿಗಳು ಆ ಮಿತಿಯಲ್ಲೇ ಇರಲಿ, ಶೇ 20ರ ಬೆರಕೆ ತಯಾರಕರು ಒಪ್ಪುವ ಹಳೆಯ ಬಸ್ಸುಗಳಿಗೆ ಮೀಸಲಾಗಲಿ. ಇನ್ನು, ಎಲೆಕ್ಟ್ರಿಕ್ ಬಸ್ ಬರುವಾಗ ಇದೆಲ್ಲ ಏಕೆ ಎನ್ನುವವರು ಹಳ್ಳಿ ಮಾರ್ಗಗಳತ್ತ ನೋಡಬೇಕು. ಈಗಿರುವ ಡೀಸೆಲ್ ಗಾಡಿಗಳು ಇನ್ನೂ ಹಲವು ವರ್ಷ ಇಲ್ಲಿ ಓಡಲಿವೆ. ಅಷ್ಟು ಕಾಲದ ಹೊಗೆಯನ್ನು ಹೊಸ ಬಸ್ಸು ಕೊಳ್ಳದೆಯೇ ಕಡಿಮೆ ಮಾಡುವ ಉಪಾಯ ಇದು.

2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2017ರೊಳಗೆ ಡೀಸೆಲ್‌ನಲ್ಲಿ ಶೇ 20 ಬೆರಕೆ ಎಂದಿತ್ತು. 2018ರ ನೀತಿ ಅದನ್ನು 2030ಕ್ಕೆ ಶೇ 5ಕ್ಕೆ ಇಳಿಸಿತು. ಪೆಟ್ರೋಲಿನಲ್ಲಿ ಎಥನಾಲ್ ಶೇ 20 ಮುಟ್ಟಿದ್ದರೆ ಬಯೋಡೀಸೆಲ್ ಇನ್ನೂ ಶೇ 1ರ ಗಡಿ ದಾಟಲು ಏದುಸಿರು ಬಿಡುತ್ತಿದೆ. ಎಥನಾಲನ್ನು ತೈಲ ಕಂಪನಿಗಳೇ ಖರೀದಿಸಿ, ಪರೀಕ್ಷಿಸಿ, ಬೆರೆಸುತ್ತವೆ. ಬಂಕಿಗೆ ಬಂದವನು ತಾನಾಗಿ ಏನನ್ನೂ ಬೆರೆಸಬೇಕಿಲ್ಲ. ಬಯೋಡೀಸೆಲ್‌ಗೂ ಅಂಥ ಹೊಣೆಗಾರ ಬೇಕು. ಜಿಲ್ಲೆಯಲ್ಲಿ ಒಂದು ಪರೀಕ್ಷಾ ಕೇಂದ್ರ, ಪ್ರತಿ ಕಂತಿನ ಎಣ್ಣೆಗೂ ಅದರ ವರದಿ, ಎಂಜಿನ್ ಕೆಟ್ಟರೆ ಪೂರೈಸಿದವನೇ ತೆರಬೇಕೆಂಬ ಕರಾರು ಇಷ್ಟಿದ್ದರೆ ಎರಡು ಡಿಪೋಗಳಲ್ಲಿ ಒಂದು ವರ್ಷ ಓಡಿಸಿ, ಲೆಕ್ಕವನ್ನು ಜನರ ಮುಂದಿಡಬಹುದು. ಸಸಿ ನೆಟ್ಟ ಸಂಖ್ಯೆಗಿಂತ ಆ ಕೆಎಂಪಿಎಲ್ ಪಟ್ಟಿಯನ್ನೇ ಚಾಲಕರು ನಂಬುತ್ತಾರೆ.