‘ರೇಗರ್’ ಯಾರ ಶಬ್ದ?



ಇಂಗ್ಲಿಷ್ ನಿಘಂಟಿನಲ್ಲಿ ‘ರೇಗರ್’ ಎಂಬ ಅಪರೂಪದ ಶಬ್ದವೊಂದಿದೆ. ಹತ್ತಿ ಬೆಳೆಯುವ ಕಪ್ಪು ಮಣ್ಣು ಎಂಬುದು ಅದರ ಅರ್ಥ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನಮ್ಮಲ್ಲಿ ಅನೇಕರು ಆ ಶಬ್ದವನ್ನು ಕೇಳಿರಲಿಕ್ಕಿಲ್ಲ. ಆ ಮಣ್ಣನ್ನು ಮಾತ್ರ ಕಾಲಿಗೆ ಮೆತ್ತಿಕೊಂಡೇ ಬೆಳೆದಿದ್ದೇವೆ.

ಹಲವು ವರ್ಷಗಳ ಹಿಂದೆ ಕಿರುಪರೀಕ್ಷೆಯೊಂದರಲ್ಲಿ ‘ಕಪ್ಪು ಮಣ್ಣಿನ ಇನ್ನೊಂದು ಹೆಸರೇನು?’ ಎಂದು ಕೇಳಿದ್ದೆ. ಭೀಮಾ ದಂಡೆಯ ಹಳ್ಳಿಯ ಹುಡುಗನೊಬ್ಬ ‘ಎರೆ ಮಣ್ಣು’ ಎಂದು ಬರೆದಿದ್ದ. ಪುಸ್ತಕದಲ್ಲಿದ್ದುದು ‘ರೇಗರ್’. ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದೆ. “ನಮ್ಮಪ್ಪ ಹಂಗೇ ಅಂತಾನ್ರೀ ಸರ್” ಎಂದ. “ಪರೀಕ್ಷೆ ನಡೆಸುವವನು ನಿಮ್ಮಪ್ಪನಲ್ಲ” ಎಂದೆ. ತರಗತಿ ನಕ್ಕಿತು, ಅವನು ನಗಲಿಲ್ಲ.

ನಿವೃತ್ತಿಯ ನಂತರ ‘ಹಾಬ್ಸನ್-ಜಾಬ್ಸನ್’ ನಿಘಂಟನ್ನು ಓದಿದೆ. ಯೂಲ್ ಮತ್ತು ಬರ್ನೆಲ್ ರಚಿಸಿದ ಈ ಗ್ರಂಥ ಪ್ರಕಟವಾದದ್ದು 1886ರಲ್ಲಿ. ‘ರೇಗರ್’ ದಖನಿ ಮಾತಿನ ಶಬ್ದವೆಂದೂ, ತೆಲುಗಿನಲ್ಲಿ ‘ರೇಗಡ’, ‘ರೇಗಡಿ’ ಎಂಬ ರೂಪಗಳಿವೆಯೆಂದೂ ಅದರಲ್ಲಿದೆ. ಅಂದರೆ ಆಂಗ್ಲರು ಅದನ್ನು ಪಡೆದದ್ದು ನಮ್ಮ ದಖನಿನ ಜನರ ಬಾಯಿಂದಲೇ! ಇತ್ತ ‘ಎರೆ’ ಎಂಬ ಶಬ್ದವು 1894ರ ಕಿಟೆಲ್ ನಿಘಂಟಿನಲ್ಲಿಯೇ ಇದೆ. ಎರಡೂ ನೆಲದ ಮಾತುಗಳೇ. ಒಂದು ಸಾಹೇಬರ ಲೇಖನಿ ಹಾದು ಪಠ್ಯಪುಸ್ತಕಕ್ಕೆ ಬಂದಿತು, ಇನ್ನೊಂದು ಹೊಲದಲ್ಲಿಯೇ ಉಳಿಯಿತು.

ವಿಜ್ಞಾನಿಗಳು ಈ ಮಣ್ಣನ್ನು ‘ವರ್ಟಿಸಾಲ್’ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ‘ಮಗುಚು’ ಎಂಬರ್ಥದ ಶಬ್ದ ಅದರ ಮೂಲ. ಇದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಆಳವಾಗಿ ಬಿರಿಯುತ್ತದೆ. ಮೇಲ್ಮಣ್ಣು ಆ ಬಿರುಕುಗಳೊಳಗೆ ಉದುರಿ ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಮಳೆಗಾಲದ ತೇವವನ್ನು ಹಿಡಿದಿಟ್ಟು ಹಿಂಗಾರಿ ಬಿಳಿಜೋಳವನ್ನು ಸಲಹುವುದೂ ಇದೇ ಮಣ್ಣು. ಇಷ್ಟನ್ನೂ ಆ ಹುಡುಗನ ತಂದೆ ಪುಸ್ತಕವಿಲ್ಲದೆ ಬಲ್ಲವನಾಗಿದ್ದ.

ಇಂಗ್ಲಿಷ್ ಶಬ್ದಗಳನ್ನು ಕಲಿಸಬಾರದೆಂದು ನಾನು ಹೇಳುತ್ತಿಲ್ಲ. ಮನೆಯ ಮಾತಿನಿಂದ ಹೊರಟು ಪುಸ್ತಕದ ಮಾತಿಗೆ ಹೋಗಬೇಕು ಎಂಬುದಷ್ಟೇ ನನ್ನ ಅಭಿಪ್ರಾಯ. ಮನೆಯ ಮಾತೇ ತಪ್ಪೆಂದು ಒಮ್ಮೆ ಅನ್ನಿಸಿಕೊಂಡ ಮಗು ಮತ್ತೆ ಕೈ ಎತ್ತುವುದಿಲ್ಲ. ಆ ಹುಡುಗನೂ ಎತ್ತಲಿಲ್ಲ. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ಇದನ್ನು ನೆನಪಿನಲ್ಲಿಡಿ.

ಅವನೀಗ ನಡುವಯಸ್ಸಿನವನಾಗಿರಬೇಕು. ಇದನ್ನು ಓದುತ್ತಿದ್ದರೆ ಕೇಳಪ್ಪಾ: ನಿನ್ನ ಉತ್ತರ ಸರಿಯಾಗಿತ್ತು. ತಪ್ಪಿದವನು ನಾನು. ಆ ಒಂದು ಅಂಕ ಇಂದಿಗೂ ನನ್ನ ಮೇಲೆ ಬಾಕಿ ಇದೆ.