ಚಾಮಯ್ಯ ಮೇಷ್ಟ್ರ ಮೇಲೊಂದು ತಕರಾರು

ಪ್ರತಿ ವರ್ಷ ಸೆಪ್ಟೆಂಬರ್ 5ರಂದು ನಮ್ಮ ಶಾಲೆಯಲ್ಲಿ ಶಿಕ್ಷಕರ ದಿನಾಚರಣೆ ನಡೆಯುತ್ತದೆ. ಹಾರ, ತುರಾಯಿ, ಒಂದೊಂದು ಪೆನ್ನು, ಆಮೇಲೆ ಭಾಷಣ. ಬಂದ ಅತಿಥಿಗಳಲ್ಲಿ ಒಬ್ಬರಾದರೂ 'ಗುರು ಅಂದರೆ ನಾಗರಹಾವು ಸಿನಿಮಾದ ಚಾಮಯ್ಯ ಮೇಷ್ಟ್ರ ಹಾಗಿರಬೇಕು' ಎಂದು ಹೇಳದೆ ಮೈಕು ಬಿಡುವುದಿಲ್ಲ. ಮೂವತ್ತು ವರ್ಷಗಳಿಂದ ನಾನೂ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದವಳೇ. ಈ ಸಲ ತಟ್ಟಲಾರೆ. ಯಾಕೆ ಎನ್ನುವುದನ್ನು ಹೇಳಿಬಿಡುತ್ತೇನೆ, ಆಮೇಲೆ ನೀವು ಬೈದರೂ ಸರಿ.

ಬೇಸಿಗೆ ರಜೆಯಲ್ಲಿ ಮಗ ಊರಿಗೆ ಬಂದವನು ಟಿ.ವಿ.ಗೆ ಇಂಟರ್‌ನೆಟ್ ಜೋಡಿಸಿ, ಹಳೆಯ ಸಿನಿಮಾ ಹುಡುಕುವುದು ಹೇಗೆಂದು ಹೇಳಿಕೊಟ್ಟು ಹೋದ. ಬೆಳಿಗ್ಗೆ ಮಹಡಿಯ ಮೇಲೆ ಸಂಡಿಗೆ ಇಟ್ಟು ಇಳಿದರೆ ಮಧ್ಯಾಹ್ನವೆಲ್ಲ ಬಿಡುವು. ಪಕ್ಕದ ಮನೆಯಾಕೆ, ಎದುರುಮನೆಯ ಅಜ್ಜಿ, ನಾನು, ಮೂವರೂ ಸೇರಿ ಒಂದು ತಿಂಗಳಲ್ಲಿ ನಾಲ್ಕು ಸಿನಿಮಾ ನೋಡಿದೆವು. ಬೆಳ್ಳಿಮೋಡ, ಶರಪಂಜರ, ನಾಗರಹಾವು, ಫಣಿಯಮ್ಮ. ಮೊದಲ ಮೂರು ಪುಟ್ಟಣ್ಣ ಕಣಗಾಲರದು, ಕೊನೆಯದು ಪ್ರೇಮಾ ಕಾರಂತರದು. ನಾಲ್ಕನ್ನೂ ಹಿಂದೆ ನೋಡಿದ್ದೆ. ಆದರೆ ಆಗಿನ ಕಣ್ಣು ಬೇರೆ, ಈಗಿನ ಕಣ್ಣು ಬೇರೆ.

ಬೆಳ್ಳಿಮೋಡ 1967ರದು, ಶರಪಂಜರ 1971ರದು. ಎರಡೂ ತ್ರಿವೇಣಿಯವರ ಕಾದಂಬರಿಗಳು. ಪಾಪ, ಆಕೆ 1963ರಲ್ಲೇ ತೀರಿಕೊಂಡರು. ಎರಡನ್ನೂ ತೆರೆಯ ಮೇಲೆ ನೋಡಲಿಲ್ಲ. ಎರಡರಲ್ಲೂ ಕಲ್ಪನಾ ನಾಯಕಿ. ಬೆಳ್ಳಿಮೋಡದ ಇಂದಿರಾಳನ್ನು ಮೆಚ್ಚಿದ ಗಂಡು, ಅವಳಿಗೊಬ್ಬ ತಮ್ಮ ಹುಟ್ಟಿ ಆಸ್ತಿ ಕೈತಪ್ಪುತ್ತದೆ ಎಂದಾಗ ಮದುವೆಯಿಂದ ಹಿಂದೆ ಸರಿಯುತ್ತಾನೆ. ಅಪಘಾತವಾಗಿ ಅವಳ ಕೈಯಲ್ಲೇ ಶುಶ್ರೂಷೆ ಮಾಡಿಸಿಕೊಂಡ ಮೇಲೆ ಮತ್ತೆ ಮದುವೆಯ ಮಾತೆತ್ತುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಎದುರುಮನೆಯ ಅಜ್ಜಿ 'ಪಾಪ, ಒಪ್ಪಬಹುದಿತ್ತು' ಎಂದರು. ನನಗೆ ಹಾಗೆನ್ನಿಸಲಿಲ್ಲ.

ಶರಪಂಜರದ ಕಾವೇರಿಗೆ ಹೆರಿಗೆಯ ನಂತರ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ರೋಗ ವಾಸಿಯಾಗಿದೆ, ಜನರ ನೋಟ ವಾಸಿಯಾಗಿಲ್ಲ. ನಕ್ಕರೂ ಅನುಮಾನ, ಸಿಟ್ಟು ಮಾಡಿದರೂ ಅನುಮಾನ. ಮೇಲೆ ಗಂಡನ ದ್ರೋಹ ಬೇರೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ಮೂವರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆವು. ಸಿನಿಮಾ ಮುಗಿದು ಕಾಫಿ ಕುಡಿಯುವಾಗ ನಾವೇ ನಮ್ಮ ಬೀದಿಯ ಒಬ್ಬ ಹೆಣ್ಣುಮಗಳ ಬಗ್ಗೆ 'ಅವಳಿಗೆ ಸ್ವಲ್ಪ ತಲೆ ಸರಿಯಿಲ್ಲವಂತೆ' ಎಂದು ಮಾತಾಡಿದೆವು. ಅತ್ತದ್ದು ಯಾರಿಗಾಗಿಯೋ!

ಮೂರನೆಯ ವಾರ ನಾಗರಹಾವು. ನಾನು ಚಿತ್ರದುರ್ಗ ಜಿಲ್ಲೆಯವಳು. ನಮಗೆ ಅದು ಸಿನಿಮಾ ಅಲ್ಲ, ಊರಹಬ್ಬ. ಮಕ್ಕಳನ್ನು ಕೋಟೆಗೆ ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ರಾಮಾಚಾರಿ ಎಲ್ಲಿ ನಿಂತಿದ್ದ, ಎಲ್ಲಿ ಬಿದ್ದ ಎಂದು ಅವರೇ ನನಗೆ ಪಾಠ ಹೇಳುತ್ತಾರೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ 1972ರಲ್ಲಿ ಮಾಡಿದ ಚಿತ್ರ ಅದು. 2018ರಲ್ಲಿ ಹೊಸ ರೂಪದಲ್ಲಿ ಮತ್ತೆ ತೆರೆಗೆ ಬಂತು. ವಿಷ್ಣುವರ್ಧನ್, ಆರತಿ, ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವಥ್. ಅಶ್ವಥ್ ಅವರ ಅಭಿನಯಕ್ಕೆ ನನ್ನ ತಕರಾರಿಲ್ಲ, ಅದಕ್ಕೆ ಕೈ ಮುಗಿಯುತ್ತೇನೆ. ತಕರಾರು ಇರುವುದು ಮೇಷ್ಟ್ರ ಮೇಲೆ.

ಕಥೆಯನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಪುಂಡನೊಬ್ಬ ಅಲಮೇಲುವನ್ನು ಕಾಡುತ್ತಾನೆ. ಅವಳ ಅಣ್ಣ ವರದ ಗೆಳೆಯ ರಾಮಾಚಾರಿಯ ಬಳಿ ಬಂದು, ಅವನನ್ನು ತಡೆದರೆ ತಂಗಿಯನ್ನು ನಿನಗೇ ಕೊಟ್ಟು ಮದುವೆ ಮಾಡುತ್ತೇನೆ ಎಂದು ಮಾತು ಕೊಡುತ್ತಾನೆ. ಇದನ್ನೇ ಮೊದಲು ನೋಡಿ. ತಂಗಿಯನ್ನು ಬಹುಮಾನ ಮಾಡಿದ ಅಣ್ಣ! ಆಮೇಲೆ ಇಬ್ಬರಲ್ಲೂ ನಿಜವಾದ ಪ್ರೀತಿ ಹುಟ್ಟುತ್ತದೆ. ಮನೆಯವರು ಅಲಮೇಲುವಿಗೆ ಬೇರೆ ಗಂಡು ಗೊತ್ತು ಮಾಡಿದಾಗ ಅಣ್ಣ ನನ್ನ ಪರ ಮಾತಾಡುತ್ತಾನೆಂದು ಅವಳು ನಂಬಿರುತ್ತಾಳೆ. ಅವನು ಏನೂ ಗೊತ್ತಿಲ್ಲದವನಂತೆ ನಿಂತುಬಿಡುತ್ತಾನೆ. ಜಾತಿ ಬೇರೆ ನೋಡಿ. ಆಗ ಹೆಣ್ಣಿನ ತಂದೆ ಹೋಗುವುದು ಚಾಮಯ್ಯ ಮೇಷ್ಟ್ರ ಹತ್ತಿರ. ಮೇಷ್ಟ್ರು ಶಿಷ್ಯನನ್ನು ಕರೆದು ಪ್ರೀತಿಗಿಂತ ತ್ಯಾಗ ದೊಡ್ಡದು ಎಂದು ಒಪ್ಪಿಸುತ್ತಾರೆ. ಯಾರ ಮಾತನ್ನೂ ಕೇಳದ ರಾಮಾಚಾರಿ ಮೇಷ್ಟ್ರ ಮಾತನ್ನು ಕೇಳುತ್ತಾನೆ.

ನಾವು ಚಪ್ಪಾಳೆ ತಟ್ಟುವುದು ಇಲ್ಲಿಯೇ. ಆಹಾ, ಎಂಥ ಗುರು, ಎಂಥ ಶಿಷ್ಯ! ಸರಿ, ತ್ಯಾಗ ಮಾಡಿದವನು ರಾಮಾಚಾರಿ. ತ್ಯಾಗವಾಗಿ ಹೋದವಳು ಯಾರು? ಅವಳ ಜೀವನದ ತೀರ್ಮಾನ ಆಗುವಾಗ ಅವಳ ಒಪ್ಪಿಗೆ ಯಾರಿಗೆ ಬೇಕಾಗಿತ್ತು? ಮುಂದೆ ಅದೇ ಅಲಮೇಲು ರಾಮಾಚಾರಿಗೆ ದೊಡ್ಡ ಹೋಟೆಲೊಂದರಲ್ಲಿ ಮೈ ಮಾರಿಕೊಳ್ಳುವವಳಾಗಿ ಸಿಗುತ್ತಾಳೆ. ಹಿರಿಯರು ಆರಿಸಿದ ಗಂಡನ ಉಡುಗೊರೆ ಅದು. ಮೇಷ್ಟ್ರಿಗೆ ಇಷ್ಟಾದರೂ ಬುದ್ಧಿ ಬಂತೇ? ಇಲ್ಲ. ರಾಮಾಚಾರಿ ಮಾರ್ಗರೆಟ್ಟಳನ್ನು ಪ್ರೀತಿಸಿದಾಗ ಮತ್ತೆ ಅಡ್ಡ ಬಂದರು. ಮೊದಲ ಸಲ ಜಾತಿ, ಎರಡನೇ ಸಲ ಮತ. ಕೊನೆಗೆ ಬೆಟ್ಟದ ಮೇಲೆ ಮೂರು ಜೀವ ಹೋಯಿತು.

ಅದೇ ಸಿನಿಮಾದಲ್ಲಿ ಒನಕೆ ಓಬವ್ವನ ಹಾಡಿದೆ, ಜಯಂತಿ ಅಭಿನಯಿಸಿದ್ದು. ಕಿಂಡಿಯಲ್ಲಿ ನುಗ್ಗುವ ಶತ್ರುವನ್ನು ಕಂಡು ಓಬವ್ವ ಯಾರ ಅಪ್ಪಣೆಗೂ ಕಾಯಲಿಲ್ಲ, ಕೈಗೆ ಸಿಕ್ಕ ಒನಕೆ ಎತ್ತಿಕೊಂಡಳು. ಆ ಹಾಡಿಗೆ ನಮ್ಮ ಹುಡುಗಿಯರು ವಾರ್ಷಿಕೋತ್ಸವದಲ್ಲಿ ಕುಣಿಯುತ್ತಾರೆ, ನಾವು ರೋಮಾಂಚನಗೊಳ್ಳುತ್ತೇವೆ. ಊರು ಉಳಿಸಲು ಹೆಣ್ಣು ಒನಕೆ ಎತ್ತಿದರೆ ವೀರವನಿತೆ. ತನ್ನ ಬಾಳು ಉಳಿಸಿಕೊಳ್ಳಲು ಒಂದು ಮಾತು ಎತ್ತಿದರೆ ಬಜಾರಿ. ಇದು ಯಾವ ನ್ಯಾಯ, ನೀವೇ ಹೇಳಿ.

'ಕಾಲ ಹಾಗಿತ್ತು ಮೇಡಂ' ಎನ್ನುವವರಿದ್ದಾರೆ. ಯಾವ ಕಾಲ? ಜಾತಿ ಮತ ಬೇರೆಯಾದರೂ ಮದುವೆಯಾಗಬಹುದೆಂಬ ವಿಶೇಷ ವಿವಾಹ ಕಾಯ್ದೆ 1954ರಲ್ಲೇ ಬಂದಿತ್ತು, ಸಿನಿಮಾಕ್ಕೆ ಹದಿನೆಂಟು ವರ್ಷ ಮೊದಲು. ಕುವೆಂಪು ಅವರು ಮಗ ತೇಜಸ್ವಿಯ ಮದುವೆಯನ್ನು 1966ರಲ್ಲಿ ಪುರೋಹಿತರಿಲ್ಲದೆ ಮಂತ್ರಮಾಂಗಲ್ಯದಲ್ಲಿ ಮಾಡಿದ್ದರು. ಕಾಲ ಬಾಗಿಲಲ್ಲಿ ಬಂದು ನಿಂತಿತ್ತು, ಅಗುಳಿ ಹಾಕಿಕೊಂಡವರು ನಾವು. 2018ರಲ್ಲಿ, ನಾಗರಹಾವು ಮತ್ತೆ ತೆರೆಗೆ ಬಂದ ವರ್ಷವೇ, ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗುವುದಕ್ಕೆ ಮನೆಯವರ, ಜಾತಿಯವರ ಅಪ್ಪಣೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿತು. ಆದರೂ ಮರ್ಯಾದೆಯ ಹೆಸರಿನಲ್ಲಿ ಹೆತ್ತ ಮಗಳನ್ನೇ ಕೊಂದ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ.

ಪುಟ್ಟಣ್ಣನವರನ್ನು ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. ಅವರು ಮೇಷ್ಟ್ರನ್ನು ಬಿಟ್ಟುಬಿಟ್ಟಿಲ್ಲ. ನನ್ನ ಬಾಳನ್ನೂ ಅಲಮೇಲುವಿನ ಬಾಳನ್ನೂ ನೀವೇ ಕೆಡಿಸಿದಿರಿ ಎಂದು ರಾಮಾಚಾರಿಯ ಕೈಯಲ್ಲೇ ಹೇಳಿಸಿದ್ದಾರೆ. ಅವರು ತೋರಿಸಿದ್ದು ತಪ್ಪು ಮಾಡಿದ ಒಬ್ಬ ಒಳ್ಳೆಯ ಮನುಷ್ಯನನ್ನು. ಆ ತಪ್ಪನ್ನೇ ತೊಳೆದು, ಅರಿಶಿನ ಕುಂಕುಮ ಹಚ್ಚಿ ಪೂಜೆಗೆ ಇಟ್ಟವರು ನಾವು.

ಇಷ್ಟೊಂದು ಸಿಟ್ಟು ಯಾಕೆ ಎಂದು ಕೇಳುತ್ತೀರಿ. ಹೇಳುತ್ತೇನೆ. ಇಪ್ಪತ್ತು ವರ್ಷಕ್ಕೂ ಹಿಂದೆ, ನನ್ನ ಹತ್ತಿರ ಓದಿ ಹೋಗಿ ಡಿಗ್ರಿ ಸೇರಿದ್ದ ಹುಡುಗಿಯೊಬ್ಬಳು ಒಂದು ಸಂಜೆ ಮನೆಗೆ ಬಂದಳು. ಜೊತೆಯಲ್ಲಿ ಓದುತ್ತಿದ್ದ ಹುಡುಗನನ್ನು ಮೆಚ್ಚಿದ್ದಳು. ಜಾತಿ ಬೇರೆ. ಓದು ಮುಗಿಸಿ ಮದುವೆಯಾಗುತ್ತೇವೆ, ಅಪ್ಪನಿಗೆ ನೀವು ಒಂದು ಮಾತು ಹೇಳಿ ಮಿಸ್, ನಿಮ್ಮ ಮಾತು ತೆಗೆದುಹಾಕುವುದಿಲ್ಲ ಎಂದಳು. ನಾನು ಕಾಫಿ ಕೊಟ್ಟೆ, ತಲೆ ಸವರಿದೆ, ಬುದ್ಧಿ ಹೇಳಿದೆ. 'ಹೆತ್ತವರು ಕೆಟ್ಟದ್ದು ಬಯಸ್ತಾರಾ? ಅವರ ಮಾತು ಕೇಳು, ಎಲ್ಲ ಸರಿಹೋಗುತ್ತೆ' ಎಂದೆ. ಅವಳು ಕೇಳಿದಳು. ವರ್ಷದೊಳಗೆ ಓದು ಬಿಡಿಸಿ ಸಂಬಂಧದಲ್ಲೇ ಕೊಟ್ಟರು. ಮದುವೆಗೆ ಹೋಗಿ ಹೋಳಿಗೆ ಊಟ ಮಾಡಿ ಬಂದೆ. ಒಂದು ಮನೆ ಉಳಿಸಿದೆ ಎಂಬ ಹೆಮ್ಮೆ ಬೇರೆ.

ಆ ಹುಡುಗಿ ಈ ಬೇಸಿಗೆಯಲ್ಲಿ ಕಿರಿಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಶಾಲೆಗೆ ಬಂದಿದ್ದಳು. ಗುರುತು ಸಿಗಲಿಲ್ಲ, ಅಷ್ಟು ಇಳಿದುಹೋಗಿದ್ದಾಳೆ. ಗಂಡನ ಕುಡಿತ, ಹೊಡೆತ, ಎರಡು ಸಲ ತವರಿಗೆ ಬಂದದ್ದು, ಎರಡು ಸಲವೂ ಹಿರಿಯರು ಬುದ್ಧಿ ಹೇಳಿ ವಾಪಸು ಕಳಿಸಿದ್ದು, ಎಲ್ಲ ಹೇಳಿಕೊಂಡಳು. ನನ್ನ ಮೇಲೆ ಒಂದು ದೂರಿಲ್ಲ. ಕಾಲಿಗೆ ನಮಸ್ಕಾರ ಕೂಡ ಮಾಡಿದಳು. ಹೊರಡುವಾಗ ಮಾತ್ರ ಹೇಳಿದಳು: 'ಮಿಸ್, ನಾಳೆ ನನ್ನ ಮಗಳು ಏನಾದ್ರೂ ಹೇಳ್ಕೊಳ್ಳೋಕೆ ನಿಮ್ಮ ಹತ್ರ ಬಂದ್ರೆ ಬುದ್ಧಿ ಹೇಳ್ಬೇಡಿ. ಕೇಳಿಸ್ಕೊಳ್ಳಿ, ಅಷ್ಟು ಸಾಕು.'

ಅವಳು ಆರಿಸಿದ ಹುಡುಗ ಚಿನ್ನದಂಥವನೇ ಆಗಿರುತ್ತಿದ್ದ ಎಂದು ನಾನು ಹೇಳಲಾರೆ. ಅವನೂ ಕುಡುಕನಾಗಬಹುದಿತ್ತು. ಆದರೆ ಆಗ ತಪ್ಪು ಅವಳದಾಗಿರುತ್ತಿತ್ತು, ತಿದ್ದಿಕೊಳ್ಳುವ ಹಕ್ಕೂ ಅವಳದಾಗಿರುತ್ತಿತ್ತು. ನಾನು ಅವಳಿಂದ ಕಿತ್ತುಕೊಂಡದ್ದು ಅದನ್ನು.

ಆ ವಾರವೇ ಫಣಿಯಮ್ಮ ನೋಡಿದೆ. 1983ರ ಚಿತ್ರ, ಎಂ.ಕೆ. ಇಂದಿರಾ ಅವರ ಕಾದಂಬರಿ. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಮಡಿಯಲ್ಲೇ ಬದುಕು ಸವೆಸಿದ ಹೆಂಗಸು ಫಣಿಯಮ್ಮ. ಎಲ್.ವಿ. ಶಾರದಾ ಆ ಪಾತ್ರವಾಗಿ ಹೆಚ್ಚು ಮಾತಾಡುವುದೇ ಇಲ್ಲ. ಮುಂದೆ ಅದೇ ಮನೆತನದಲ್ಲಿ ದಾಕ್ಷಾಯಿಣಿ ಎಂಬ ಹುಡುಗಿ ವಿಧವೆಯಾಗುತ್ತಾಳೆ, ತಲೆ ಬೋಳಿಸಲು ಬಂದರೆ ಒಪ್ಪುವುದಿಲ್ಲ. ಫಣಿಯಮ್ಮ 'ನಾನು ಸಹಿಸಲಿಲ್ಲವೇ, ನೀನೂ ಸಹಿಸು' ಎನ್ನಬಹುದಿತ್ತು. ನಮ್ಮ ಎಷ್ಟೋ ಅತ್ತೆಯರು ಹಾಗೇ ಅಂದಿದ್ದಾರೆ. ಫಣಿಯಮ್ಮ ಹಾಗೆನ್ನದೆ ಆ ಹುಡುಗಿಯ ಪರ ನಿಲ್ಲುತ್ತಾಳೆ. ಶಾಲೆಯ ಮೆಟ್ಟಿಲು ಹತ್ತದ ಆಕೆಗೆ ತಿಳಿದದ್ದು ಬಿ.ಎ., ಬಿ.ಇಡಿ. ಮಾಡಿದ ನನಗೆ ತಿಳಿಯಲಿಲ್ಲ.

ಆದ್ದರಿಂದ ತಾಯಂದಿರೇ, ನನ್ನ ಓರಗೆಯ ಶಿಕ್ಷಕಿಯರೇ, ಮಕ್ಕಳು ನಮ್ಮ ಮಾತು ಕೇಳುತ್ತಾರೆ ಎಂದು ಹಿಗ್ಗುವ ಮೊದಲು ಅವರ ಮಾತನ್ನು ನಾವು ಕೇಳಿದ್ದೇವೆಯೇ ಎಂದು ನೋಡಿಕೊಳ್ಳೋಣ. ಗೌರವ ಇಟ್ಟುಕೊಂಡ ಮಗುವಿನ ಮೇಲೆ ನಮ್ಮ ಮಾತು ಒನಕೆಗಿಂತ ಭಾರವಾಗಿ ಬೀಳುತ್ತದೆ.

ಈ ಸೆಪ್ಟೆಂಬರ್ 5ಕ್ಕೆ ಮೈಕು ನನ್ನ ಕೈಗೆ ಬಂದರೆ ಗುರು ಅಂದರೆ ಫಣಿಯಮ್ಮನ ಹಾಗಿರಬೇಕು ಎನ್ನುತ್ತೇನೆ. ಆ ಎಂಟನೆಯ ತರಗತಿಯ ಹುಡುಗಿ ಎದುರಿಗೇ ಕೂತಿರುತ್ತಾಳೆ.