ಅಲರ್ಟ್ ಬರಲಿಲ್ಲ ಅಂದಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ

ಸರ್ವರ್‌ಗಳ ಮೇಲೆ ಕಣ್ಣಿಡುವುದು ನನ್ನ ಹೊಟ್ಟೆಪಾಡು. ಬೆಂಗಳೂರಿನ ಔಟರ್ ರಿಂಗ್ ರೋಡಿನ ನಮ್ಮ ಆಫೀಸಿನಲ್ಲಿ ಗೋಡೆಯುದ್ದಕ್ಕೂ ಪರದೆ, ಪರದೆ ತುಂಬ ಗ್ರಾಫು, ಹಸಿರು ಚೌಕ. ಒಂದು ಚೌಕ ಕೆಂಪಾದರೆ ಸಾಕು, ನಡುರಾತ್ರಿಯಲ್ಲೂ ಫೋನ್ ಹೊಡೆದುಕೊಳ್ಳುತ್ತದೆ. ಆದರೆ ಹಸಿರಾಗಿ ಕಾಣುವ ಚೌಕದ ಹಿಂದಿನ ಸಂಖ್ಯೆ ಈ ಗಳಿಗೆಯದೋ ಮೊನ್ನೆಯದೋ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆ ಕೇಳದ ಮಾನಿಟರಿಂಗ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬುದು ನನ್ನ ವಾದ.

ನಮ್ಮ ಕಸುಬಿನಲ್ಲಿ ಬಹಳ ಕಡೆ ಬಳಸುವ ಪ್ರೊಮಿಥಿಯಸ್ ತಂತ್ರಾಂಶವನ್ನೇ ನೋಡಿ. ‘ಡಿಸ್ಕ್ ಶೇ. 90 ದಾಟಿದರೆ ಕೂಗು’ ಎಂದು ನಿಯಮ ಬರೆದಿಟ್ಟಿದ್ದೀರಿ ಎನ್ನೋಣ. ಡಿಸ್ಕ್ 92ಕ್ಕೆ ಏರಿತು, ಅಲರ್ಟ್ ಬಂತು. ಅಷ್ಟರಲ್ಲಿ ಆ ಯಂತ್ರವೇ ಮಲಗಿತು. ಈಗ 90ರ ಜೊತೆ ಹೋಲಿಸಲು ಸಂಖ್ಯೆಯೇ ಇಲ್ಲ, ಹೋಲಿಕೆ ನಡೆಯದಿದ್ದರೆ ಅಲರ್ಟೂ ಇಲ್ಲ. ತುಸು ಹೊತ್ತಿಗೆ ಮೊಬೈಲಿಗೆ ‘ರಿಸಾಲ್ವ್ಡ್’ ಎಂದು ಸಂದೇಶವೂ ಬರುತ್ತದೆ! ನೈಟ್ ಶಿಫ್ಟಿನ ಹುಡುಗ ನೆಮ್ಮದಿಯಾಗಿ ಟೀ ಕುಡಿಯಲು ಹೋಗುತ್ತಾನೆ. ಇದರಲ್ಲಿ ತಂತ್ರಾಂಶದ ತಪ್ಪೇನೂ ಇಲ್ಲ. ಯಂತ್ರ ಉತ್ತರ ಕೊಡುತ್ತಿದೆಯೇ ಎಂಬುದನ್ನು ಅದು ‘ಅಪ್’ ಎಂಬ ಹೆಸರಿನಲ್ಲಿ ಬೇರೆಯಾಗಿಯೇ ಬರೆದಿಡುತ್ತದೆ. ಅದರ ಮೇಲೊಂದು ನಿಯಮ ಬರೆಯಬೇಕಾದವರು ನಾವು.

ಇದಕ್ಕೆ ತಿರುವುಮುರುವಾದ ರೋಗವೂ ಉಂಟು. ರಾತ್ರಿಯ ಬ್ಯಾಕಪ್‌ನಂಥ ಕೆಲಸಗಳು ತಮ್ಮ ಫಲಿತಾಂಶವನ್ನು ಪುಶ್‌ಗೇಟ್‌ವೇ ಎಂಬಲ್ಲಿ ಬಿಟ್ಟುಹೋಗುತ್ತವೆ. ಯಾರಾದರೂ ಅಳಿಸುವ ತನಕ ಅದು ಕೊನೆಯ ಸಂಖ್ಯೆಯನ್ನೇ ಹಿಡಿದುಕೊಂಡಿರುತ್ತದೆ. ಬ್ಯಾಕಪ್ ದೀಪಾವಳಿಗೇ ನಿಂತಿದ್ದರೂ ಯುಗಾದಿಯ ದಿನ ‘ಯಶಸ್ವಿ’ ಎಂದೇ ತೋರಿಸೀತು. ಸಂಖ್ಯೆ ಬಂದು ಸೇರಿದ ಹೊತ್ತನ್ನೂ ಅದು ಜೊತೆಗೇ ಇಟ್ಟಿರುತ್ತದೆ, ಅದನ್ನು ತೆಗೆದು ನೋಡುವವರು ಬೇಕು.

ಇದು ಬರೀ ಐಟಿಯವರ ತಲೆನೋವಲ್ಲ. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೊದಲ್ಲಿ ಫಸ್ಟ್‌ಎನರ್ಜಿ ವಿದ್ಯುತ್ ಕಂಪನಿಯ ಅಲಾರಂ ತಂತ್ರಾಂಶ ಮಧ್ಯಾಹ್ನ 2.14ರ ನಂತರ ಸದ್ದಿಲ್ಲದೆ ಸ್ಥಗಿತಗೊಂಡಿತು. ಕಂಟ್ರೋಲ್ ರೂಮಿನವರಿಗೆ ಅದು ತಿಳಿಯಲೇ ಇಲ್ಲ. ಹೊರಗೆ 345 ಕಿಲೊವೋಲ್ಟ್ ಲೈನುಗಳು ಮರಕ್ಕೆ ತಾಗಿ ಒಂದರ ಹಿಂದೊಂದು ಟ್ರಿಪ್ ಆಗುತ್ತಿದ್ದವು. ಪಕ್ಕದ ಕಂಪನಿಯವರು ಒಂದು ಲೈನ್ ಟ್ರಿಪ್ ಆಗಿದ್ದನ್ನು ಫೋನ್ ಮಾಡಿ ಹೇಳಿದರೂ, ತಮ್ಮಲ್ಲಿ ಅಲಾರಂ ಬಂದಿಲ್ಲವಲ್ಲ ಎಂದು ಇವರು ತಲೆಕೆಡಿಸಿಕೊಳ್ಳಲಿಲ್ಲ. ಸರ್ವರ್ ಬಿದ್ದ ಸುದ್ದಿ ಕಂಪನಿಯ ಐಟಿ ವಿಭಾಗಕ್ಕೆ ಹೋಗಿತ್ತು. ಅವರು ರೀಸ್ಟಾರ್ಟ್ ಮಾಡಿದರೇ ಹೊರತು, ಅಲಾರಂ ಬರುತ್ತಿದೆಯೇ ಎಂದು ಕಂಟ್ರೋಲ್ ರೂಮಿನವರನ್ನು ಕೇಳಲಿಲ್ಲ. ಸಂಜೆ ನಾಲ್ಕೂಕಾಲರ ಹೊತ್ತಿಗೆ ಅಮೆರಿಕ ಮತ್ತು ಕೆನಡಾದ ಸುಮಾರು 5 ಕೋಟಿ ಜನರಿಗೆ ಕರೆಂಟ್ ಇರಲಿಲ್ಲ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಕೈತಪ್ಪಿನಿಂದ ಮುಖ್ಯ ಡೇಟಾಬೇಸ್ ಅಳಿಸಿಹೋದಾಗಲೂ ಹೀಗೇ. ಬ್ಯಾಕಪ್ ಇರಬೇಕಾದ ಜಾಗ ಖಾಲಿಯಿತ್ತು. ವಿಫಲವಾದರೆ ತಿಳಿಸಲು ಇಮೇಲ್ ಏರ್ಪಾಟಿತ್ತು, ಆದರೆ ಆ ಇಮೇಲ್‌ಗಳನ್ನು ಎದುರಿನ ಸರ್ವರ್ ತಿರಸ್ಕರಿಸುತ್ತಿತ್ತು. ಆರು ಗಂಟೆಗಳಷ್ಟು ದತ್ತಾಂಶ ಹೋಯಿತು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ತಾನೇ ಪ್ರಕಟಿಸಿತು, ಆ ಮಟ್ಟಿಗೆ ಅವರನ್ನು ಮೆಚ್ಚಬೇಕು.

ಬಾರದ ಅಳತೆಯನ್ನು ಹಿಡಿಯಲು ಏನೇನು ಬರಬೇಕಿತ್ತು ಎಂಬ ಪಟ್ಟಿ ಬೇಕು. ಆ ಪಟ್ಟಿ ಇಡುವುದು ಬೇಸರದ ಕೆಲಸ, ಅದಕ್ಕೆ ಬಡ್ತಿ ಸಿಗುವುದಿಲ್ಲ. ಕ್ಲೌಡ್‌ನಲ್ಲಿ ಬೆಳಿಗ್ಗೆ ಹುಟ್ಟಿದ ಸರ್ವರ್ ಸಂಜೆಗೆ ಇರುವುದಿಲ್ಲ, ಬೇಕೆಂದೇ ನಿಲ್ಲಿಸಿದ ಯಂತ್ರಕ್ಕೂ ‘ಕಾಣೆ’ ಎಂದು ಅಲರ್ಟ್ ಬಂದರೆ ಯಾರು ತಡೆದುಕೊಳ್ಳುತ್ತಾರೆ ಎಂದು ಸಹೋದ್ಯೋಗಿಗಳು ಗೊಣಗುತ್ತಾರೆ. ಅದರಲ್ಲಿ ಸುಳ್ಳಿಲ್ಲ. ಆದರೆ ಅದಕ್ಕೆ ಮದ್ದು ಅಲರ್ಟಿನ ಬಾಯಿ ಮುಚ್ಚಿಸುವುದಲ್ಲ, ಯಂತ್ರ ನಿಲ್ಲಿಸಿದವರೇ ಪಟ್ಟಿಯಿಂದ ಹೆಸರು ಹೊಡೆದುಹಾಕುವ ಶಿಸ್ತು. ಇನ್ನು ಬಾರದ ಸಂಖ್ಯೆಯ ಜಾಗದಲ್ಲಿ ಸೊನ್ನೆ ತೋರಿಸುವ ಗ್ರಾಫುಗಳಿವೆಯಲ್ಲ, ಅವು ನೇರವಾಗಿ ಸುಳ್ಳು ಹೇಳುತ್ತವೆ.

ರಾತ್ರಿ ನಮ್ಮ ಬೀದಿಯಲ್ಲಿ ಗೂರ್ಖಾ ಸೀಟಿ ಊದುವುದು ಕಳ್ಳ ಬಂದನೆಂದಲ್ಲ, ತಾನು ಎಚ್ಚರವಿದ್ದೇನೆ ಎಂದು. ಸರ್ವರ್ ಸಮೂಹಗಳನ್ನು ನಡೆಸುವ ಕುಬರ್ನೆಟಿಸ್ ತಂತ್ರಾಂಶಕ್ಕೆಂದು ಸಿದ್ಧಪಡಿಸಿದ ಪ್ರೊಮಿಥಿಯಸ್ ನಿಯಮಗಳಲ್ಲಿರುವ ‘ವಾಚ್‌ಡಾಗ್’ ಅಲರ್ಟೂ ಅಂಥದ್ದೇ. ಅದು ಸದಾ ಮೊಳಗುತ್ತಲೇ ಇರುತ್ತದೆ, ನಿಂತರೆ ಹೊರಗಿನ ಇನ್ನೊಂದು ವ್ಯವಸ್ಥೆ ನಮ್ಮನ್ನು ಎಬ್ಬಿಸಬೇಕು. ಎಷ್ಟೋ ಕಡೆ ಕಿರಿಕಿರಿ ಎಂದು ಮೊದಲು ಮ್ಯೂಟ್ ಮಾಡುವುದು ಇದನ್ನೇ.

ಅಳತೆ ಸಾಲದಿದ್ದಾಗ ಏನು ಮಾಡಬೇಕು ಎಂಬುದಕ್ಕೆ ಸರ್ಕಾರಿ ಲೆಕ್ಕಾಚಾರದಲ್ಲಿ ಒಂದು ಒಳ್ಳೆಯ ಮಾದರಿಯಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮದಂತೆ ವಾಯು ಗುಣಮಟ್ಟ ಸೂಚ್ಯಂಕಕ್ಕೆ ಕನಿಷ್ಠ ಮೂರು ಮಾಲಿನ್ಯಕಾರಕಗಳ ಅಳತೆ ಬೇಕು. ಅದರಲ್ಲೊಂದು ಪಿಎಂ 2.5 ಅಥವಾ ಪಿಎಂ 10 ಆಗಿರಲೇಬೇಕು, ಕನಿಷ್ಠ 16 ಗಂಟೆಗಳ ದತ್ತಾಂಶವಿರಬೇಕು. ಇಲ್ಲದಿದ್ದರೆ ಸೂಚ್ಯಂಕ ಹೇಳುವಂತಿಲ್ಲ.

ಜಲಾಶಯದ ಮಟ್ಟವಿರಲಿ, ಬಸ್ಸಿನ ಜಾಗವಿರಲಿ, ಆಸ್ಪತ್ರೆಯ ಖಾಲಿ ಹಾಸಿಗೆಯಿರಲಿ, ಡ್ಯಾಶ್‌ಬೋರ್ಡ್ ಮಾಡಿಸುವ ಇಲಾಖೆಗಳು ಟೆಂಡರಿನಲ್ಲೇ ಎರಡು ಷರತ್ತು ಸೇರಿಸಲಿ: ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದನ್ನು ಅಳೆದ ದಿನಾಂಕ ಮತ್ತು ಸಮಯ ಇರಬೇಕು, ಅವಧಿ ಮೀರಿದ ಸಂಖ್ಯೆ ಪರದೆಯಿಂದ ತಾನಾಗಿ ಅಳಿಸಿಹೋಗಬೇಕು.